ಗಾಡಿ ಈಗ ಎಲ್ಲಿದೆ?

ಯುವ ಅಂಗಳ



"ಗಾಡಿ ಎಲ್ಲಿದೆ?" ಡೊಂಬಿವಲಿ, ಕಲ್ಯಾಣ, ಥಾಣೆ, ವಾಶಿಗಳ ಮನೆಗಳಲ್ಲಿ ಬೆಳಗಿನ ಹೊತ್ತು ಅತಿ ಹೆಚ್ಚು ಸಲ ಕೇಳಿಬರುವ ಪ್ರಶ್ನೆ ಬಹುಶಃ ಇದೇ. ನಿಮ್ಮ ತಂದೆ ತಾಯಂದಿರು ಈ ಊರುಗಳಿಗೆ ಬಂದು ನೆಲೆಸಿದ ಕಾಲದಲ್ಲಿ ಇದಕ್ಕೆ ಉತ್ತರ ಸಿಗುತ್ತಿದ್ದುದು ಸ್ಟೇಷನ್ನಿಗೆ ಹೋದ ಮೇಲೆಯೇ. ಪ್ಲಾಟ್‌ಫಾರಂ ಮೇಲೆ ತೂಗುವ ಇಂಡಿಕೇಟರ್, ಅರ್ಧ ಕೇಳಿಸಿ ಅರ್ಧ ಕೇಳಿಸದ ಧ್ವನಿವರ್ಧಕ, ಇವೆರಡೂ ಕೈಕೊಟ್ಟರೆ ಹಳಿಯತ್ತ ಕತ್ತು ಚಾಚಿ ನಿಂತವರ ಮುಖಭಾವ, ಇಷ್ಟೇ ಆಧಾರ. ಇಂದು ನೀವು ಚಹಾ ಕುಡಿಯುತ್ತಲೇ ಮೊಬೈಲ್ ತೆರೆದು ನೋಡುತ್ತೀರಿ. ನಕ್ಷೆಯ ಮೇಲೆ ಒಂದು ಗೆರೆ, ಗೆರೆಯ ಮೇಲೆ ಒಂದು ಚುಕ್ಕಿ. ಚುಕ್ಕಿ ಕಲ್ಯಾಣ ಬಿಟ್ಟಿತೆಂದರೆ ಡೊಂಬಿವಲಿಯವರು ಚೀಲವನ್ನು ಹೆಗಲಿಗೇರಿಸುತ್ತಾರೆ.

ಈ ಚುಕ್ಕಿಯನ್ನು ನಾವು ಎಷ್ಟು ನಂಬುತ್ತೇವೆಂದರೆ, ಅದು ಅಲ್ಲಿಗೆ ಹೇಗೆ ಬಂತು ಎಂದು ಕೇಳುವುದನ್ನೇ ಮರೆತಿದ್ದೇವೆ. ಈ ಸಲದ ಅಂಗಳದಲ್ಲಿ ಅದನ್ನೇ ಮಾತಾಡೋಣ. ಕಣ್ಣಿಗೆ ಒಂದೇ ಬಗೆಯಾಗಿ ಕಾಣುವ ಈ ಚುಕ್ಕಿಗಳು ಬೇರೆ ಬೇರೆ ಮೂಲಗಳಿಂದ ಬರುತ್ತವೆ. ಎಲ್ಲದರ ಮಾತಿಗೂ ಒಂದೇ ತೂಕವಿಲ್ಲ. ಜೊತೆಗೆ, ಓಡುವ ಚುಕ್ಕಿಯ ನಕ್ಷೆಯನ್ನು ಒಮ್ಮೆ ಬರೆದು ಮುಗಿಸಿ ಕೈತೊಳೆದುಕೊಳ್ಳುವಂತಿಲ್ಲ. ಅದನ್ನು ಯಾರಾದರೂ ನೋಡಿಕೊಳ್ಳುತ್ತಲೇ ಇರಬೇಕು. ನಮ್ಮ ಸಂಘದ ಸದಸ್ಯರ ವಿಳಾಸ ಪುಸ್ತಕವನ್ನು ನೆನೆಸಿಕೊಳ್ಳಿ. ಅಚ್ಚಾಗಿ ಬಂದ ದಿನ ಅದು ಸರಿಯಾಗಿರುತ್ತದೆ. ಮರುವರ್ಷ ಇಬ್ಬರು ಮನೆ ಬದಲಾಯಿಸುತ್ತಾರೆ, ಇನ್ನೊಬ್ಬರು ಊರಿಗೆ ಮರಳುತ್ತಾರೆ, ಮತ್ತೊಬ್ಬರ ದೂರವಾಣಿ ಸಂಖ್ಯೆ ಬದಲಾಗುತ್ತದೆ. ಪುಸ್ತಕ ಹಾಗೆಯೇ ಇರುತ್ತದೆ. ನಕ್ಷೆಯ ಪಾಡೂ ಅದೇ.

ಹಳಿಯೇ ಹೇಳುವ ಸುದ್ದಿ

ಭಾರತದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಥಾಣೆಗೆ ಬಂದದ್ದು 1853ರ ಏಪ್ರಿಲ್ 16ರಂದು, ಸುಮಾರು 34 ಕಿಲೋಮೀಟರ್ ದೂರ. ಮರುವರ್ಷ, 1854ರ ಮೇ ತಿಂಗಳಲ್ಲಿ ಹಳಿ ಕಲ್ಯಾಣವನ್ನು ಮುಟ್ಟಿತು. ಅಂದರೆ ನಾವು ದಿನವೂ ಓಡಾಡುವ ದಾರಿ ಈ ದೇಶದ ಅತ್ಯಂತ ಹಳೆಯ ಪ್ರಯಾಣಿಕರ ರೈಲುದಾರಿ. ಒಂದೇ ಹಳಿಯ ಮೇಲೆ ಒಂದರ ಹಿಂದೆ ಒಂದು ಗಾಡಿ ಓಡತೊಡಗಿದ ದಿನದಿಂದಲೇ "ಮುಂದಿನ ಗಾಡಿ ಎಲ್ಲಿದೆ?" ಎಂಬುದು ಪ್ರಯಾಣಿಕರಿಗಿಂತ ಮೊದಲು ರೈಲ್ವೆಯವರ ಪ್ರಶ್ನೆಯಾಯಿತು. ಅವರಿಗೆ ಇದು ಕಚೇರಿಗೆ ಐದು ನಿಮಿಷ ತಡವಾಗುವ ಮಾತಲ್ಲ, ಜೀವದ ಮಾತು.

ಆರಂಭದಲ್ಲಿ ತಂತಿ ಮತ್ತು ಗಂಟೆಗಳ ಮೂಲಕ ಒಂದು ಸ್ಟೇಷನ್ನಿನವರು ಇನ್ನೊಂದು ಸ್ಟೇಷನ್ನಿನವರಿಗೆ ಸುದ್ದಿ ಮುಟ್ಟಿಸುತ್ತಿದ್ದರು. 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್ಸನ್ ಎಂಬಾತ ಒಂದು ಸರಳವಾದ ಉಪಾಯ ಕಂಡುಹಿಡಿದ. ಹಳಿಯನ್ನು ತುಂಡು ತುಂಡಾಗಿ, ಒಂದರ ವಿದ್ಯುತ್ತು ಇನ್ನೊಂದಕ್ಕೆ ತಾಗದಂತೆ ಬೇರ್ಪಡಿಸುವುದು. ಪ್ರತಿ ತುಂಡಿನ ಒಂದು ತುದಿಯಿಂದ ಎರಡು ಹಳಿಗಳಲ್ಲಿ ಸಣ್ಣ ಪ್ರಮಾಣದ ವಿದ್ಯುತ್ತು ಹರಿಸುವುದು. ಇನ್ನೊಂದು ತುದಿಯಲ್ಲಿ ರಿಲೇ ಎಂಬ ಉಪಕರಣ ಆ ವಿದ್ಯುತ್ತಿನ ಬಲದಿಂದ ಎತ್ತಿ ನಿಂತಿರುತ್ತದೆ. ಗಾಡಿ ಬಂದಾಗ ಅದರ ಚಕ್ರ ಮತ್ತು ಅಚ್ಚು ಎರಡು ಹಳಿಗಳನ್ನು ಸೇರಿಸಿಬಿಡುತ್ತವೆ; ವಿದ್ಯುತ್ತು ಅಲ್ಲೇ ತಿರುಗಿ ಹೋಗುತ್ತದೆ, ರಿಲೇ ಬೀಳುತ್ತದೆ, ಹಿಂದಿನ ಸಿಗ್ನಲ್ ಕೆಂಪಾಗುತ್ತದೆ. ಇದಕ್ಕೆ ಟ್ರ್ಯಾಕ್ ಸರ್ಕಿಟ್ ಎಂದು ಹೆಸರು. ಇದರ ಜಾಣತನ ಎಲ್ಲಿದೆ ನೋಡಿ: ತಂತಿ ತುಂಡಾದರೂ, ಹಳಿ ಮುರಿದರೂ, ವಿದ್ಯುತ್ತು ನಿಂತರೂ ರಿಲೇ ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ಕೆಟ್ಟರೂ ಸುರಕ್ಷತೆಯ ಕಡೆಗೇ ಕೆಡುತ್ತದೆ. ಮಳೆಗಾಲದಲ್ಲಿ ಹಳಿಯ ಮೇಲೆ ನೀರು ನಿಂತಾಗ "ಸಿಗ್ನಲ್ ಫೇಲ್" ಎಂಬ ಘೋಷಣೆ ಬರುವುದಕ್ಕೆ ಇದೂ ಒಂದು ಕಾರಣ. ನೀರು ಆ ಸಣ್ಣ ವಿದ್ಯುತ್ತನ್ನು ನುಂಗಿಬಿಡುತ್ತದೆ. ಗಾಡಿ ಇಲ್ಲದಿದ್ದರೂ ಇದೆಯೆಂದು ಹಳಿ ಹೇಳುತ್ತದೆ. ಅದಕ್ಕಾಗಿ ಹಲವು ಕಡೆ ಈಗ ಚಕ್ರಗಳನ್ನು ಎಣಿಸುವ ಉಪಕರಣ ಹಾಕುತ್ತಾರೆ. ಒಳಗೆ ಹೋದ ಚಕ್ರಗಳಷ್ಟೇ ಹೊರಗೆ ಬಂದರೆ ಆ ತುಂಡು ಖಾಲಿ.

ಲೋಕಲ್ ಗಾಡಿಯ ಬಾಗಿಲ ಬಳಿ ನಿಲ್ಲದೆ, ಒಳಗೆ ಕಿಟಕಿಯ ಪಕ್ಕ ಕುಳಿತಾಗ ಗಮನಿಸಿ. ಕೆಲವು ಸಿಗ್ನಲ್ ಕಂಬಗಳ ಮೇಲೆ ಇಂಗ್ಲಿಷಿನ ಮೊದಲ ಅಕ್ಷರವಾದ 'ಎ' ಬರೆದ ಫಲಕ ಇರುತ್ತದೆ. ಅವು ಸ್ವಯಂಚಾಲಿತ ಸಿಗ್ನಲ್‌ಗಳು. ಅವುಗಳನ್ನು ಯಾರೂ ಕೈಯಿಂದ ಬದಲಾಯಿಸುವುದಿಲ್ಲ. ಮುಂದಿನ ಹಳಿಯ ತುಂಡುಗಳೇ ಬದಲಾಯಿಸುತ್ತವೆ. ಕೆಂಪು, ಹಳದಿ, ಎರಡು ಹಳದಿ, ಹಸಿರು ಎಂದು ನಾಲ್ಕು ಸೂಚನೆಗಳು. ಇಂಥ ಸಿಗ್ನಲ್ ಕೆಂಪಾಗಿಯೇ ಇದ್ದರೆ ಚಾಲಕ ನಿಲ್ಲಿಸಿ, ನಿಯಮದಂತೆ ಹಗಲಾದರೆ ಒಂದು ನಿಮಿಷ, ರಾತ್ರಿಯಾದರೆ ಎರಡು ನಿಮಿಷ ಕಾದು, ಆಮೇಲೆ ಬಹಳ ನಿಧಾನವಾಗಿ ಮುಂದೆ ಹೋಗಬಹುದು. ಗಾಡಿ ನಡುದಾರಿಯಲ್ಲಿ ಸುಮ್ಮನೆ ನಿಂತು, ಮತ್ತೆ ತೆವಳುತ್ತ ಹೊರಟಾಗ ಅನೇಕ ಸಲ ನಡೆಯುತ್ತಿರುವುದು ಇದು.

ಇಲ್ಲಿ ಒಂದು ಮುಖ್ಯ ವಿಷಯ. ಹಳಿಯ ತುಂಡು "ನನ್ನ ಮೇಲೆ ಯಾರೋ ಇದ್ದಾರೆ" ಎಂದು ಹೇಳಬಲ್ಲದು, ಯಾರು ಎಂದು ಹೇಳಲಾರದು. ಅದು ಬದಲಾಪುರ ಲೋಕಲ್ಲೋ, ಸರಕು ಗಾಡಿಯೋ ಹಳಿಗೆ ತಿಳಿಯದು. ಹೆಸರು ಕೊಡುವುದು ಇನ್ನೊಂದು ವ್ಯವಸ್ಥೆಯ ಕೆಲಸ. ಗಾಡಿ ಹೊರಟಲ್ಲಿ ಅದಕ್ಕೆ ಒಂದು ಗುರುತಿನ ಸಂಖ್ಯೆ ಅಂಟಿಸುತ್ತಾರೆ. ಗಾಡಿ ಒಂದು ತುಂಡಿನಿಂದ ಮುಂದಿನ ತುಂಡಿಗೆ ಹೋದಾಗ ಗಣಕಯಂತ್ರ ಆ ಸಂಖ್ಯೆಯನ್ನೂ ಒಂದು ಮನೆಯಿಂದ ಮುಂದಿನ ಮನೆಗೆ ದಾಟಿಸುತ್ತದೆ, ಚೌಕಾಬಾರದ ಕಾಯಿ ನಡೆಸಿದ ಹಾಗೆ. ನಡುವೆ ಎಲ್ಲೋ ಸಂಖ್ಯೆ ಜಾರಿತೆಂದರೆ ಗಾಡಿ ಓಡುತ್ತಲೇ ಇರುತ್ತದೆ, ಆದರೆ ಪರದೆಯ ಮೇಲೆ ಅದು ಹೆಸರಿಲ್ಲದ ಕೆಂಪು ಗೆರೆ.

ನಮ್ಮ ಮಧ್ಯ ರೈಲ್ವೆಯಲ್ಲಿ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಿಂದ ಕಲ್ಯಾಣದವರೆಗಿನ ಮುಖ್ಯ ಮಾರ್ಗಕ್ಕೆ ಟ್ರೇನ್ ಮ್ಯಾನೇಜ್‌ಮೆಂಟ್ ಸಿಸ್ಟಂ ಎಂಬ ಇಂಥ ವ್ಯವಸ್ಥೆ ಇದೆ. ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಹಳಿಗಳೂ ಗಾಡಿಗಳೂ ಕಾಣುತ್ತವೆ. ಸ್ಟೇಷನ್ನಿನ ಇಂಡಿಕೇಟರ್ ಮತ್ತು ಘೋಷಣೆಗೆ ಸುದ್ದಿ ಹೋಗುವುದೂ ಅಲ್ಲಿಂದಲೇ. ಇಂಡಿಕೇಟರ್‌ನಲ್ಲಿ ಕಲ್ಯಾಣಕ್ಕೆ 'ಕೆ', ಥಾಣೆಗೆ 'ಟಿ' ಎಂದು ಬರುವುದು ನಿಮಗೆ ಗೊತ್ತು. ಆದರೆ ಕಸಾರಕ್ಕೆ 'ಎನ್', ಕರ್ಜತಕ್ಕೆ 'ಎಸ್' ಏಕೆ ಎಂದು ಯೋಚಿಸಿದ್ದೀರಾ? ಕಲ್ಯಾಣದಲ್ಲಿ ದಾರಿ ಕವಲೊಡೆದು ಒಂದು ಈಶಾನ್ಯಕ್ಕೂ ಇನ್ನೊಂದು ಆಗ್ನೇಯಕ್ಕೂ ಹೋಗುತ್ತದೆ. ಉತ್ತರ ದಕ್ಷಿಣಗಳ ಆ ಹಳೆಯ ಗುರುತೇ ಅಕ್ಷರವಾಗಿ ಇಂದಿಗೂ ಉಳಿದಿದೆ.

ನಮ್ಮ ಮೊಬೈಲಿಗೆ ಬರುವ ಚುಕ್ಕಿ

ಇಷ್ಟು ನಿಖರವಾದ ಸುದ್ದಿ ನಿಯಂತ್ರಣ ಕೊಠಡಿಯಲ್ಲಿದ್ದರೂ ಅದು ಹಾಗೆಯೇ ನಮ್ಮ ಕೈಗೆ ಬರುವುದಿಲ್ಲ. ಸಿಗ್ನಲ್‌ಗಳ ಕ್ಷಣಕ್ಷಣದ ಮಾಹಿತಿಯನ್ನು ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಬಿಟ್ಟಿಲ್ಲ. ನಮ್ಮ ಮೊಬೈಲಿನ ಚುಕ್ಕಿಗೆ ಮುಖ್ಯವಾಗಿ ನಾಲ್ಕು ಮೂಲಗಳಿವೆ.

ಮೊದಲನೆಯದು ಬರಿಯ ವೇಳಾಪಟ್ಟಿ. ಗಾಡಿ 8.10ಕ್ಕೆ ಕಲ್ಯಾಣ ಬಿಡಬೇಕು, ಆದ್ದರಿಂದ 8.15ಕ್ಕೆ ಇಲ್ಲಿರಬೇಕು ಎಂಬ ಲೆಕ್ಕ. ಇದು ಗಾಡಿಯನ್ನು ನೋಡಿದ ಮಾತಲ್ಲ, ಪಂಚಾಂಗ ನೋಡಿ ಮಳೆ ಹೇಳಿದ ಹಾಗೆ. ಗಾಡಿ ಹೊರಡದಿದ್ದರೂ ಈ ಚುಕ್ಕಿ ಓಡುತ್ತದೆ.

ಎರಡನೆಯದು ಸ್ಟೇಷನ್ನಿನ ವರದಿ. ಗಾಡಿ ಬಂದ ಹೊತ್ತು, ಬಿಟ್ಟ ಹೊತ್ತು ನಿಯಂತ್ರಣ ಕಚೇರಿಯ ಗಣಕಯಂತ್ರಕ್ಕೆ ಸೇರಿ, ಅಲ್ಲಿಂದ ರೈಲ್ವೆಯ ವಿಚಾರಣಾ ವ್ಯವಸ್ಥೆಯಾದ ಎನ್.ಟಿ.ಇ.ಎಸ್.ಗೆ ಬರುತ್ತದೆ. 139 ಸಂಖ್ಯೆಗೆ ಕರೆ ಮಾಡಿದರೆ ಸಿಗುವ ಉತ್ತರವೂ ರೈಲ್ವೆಯ ಇಂಥ ದಾಖಲೆಯನ್ನೇ ಆಧರಿಸಿದ್ದು. ಇದು ನೋಡಿದ ಮಾತೇ, ಆದರೆ ಎರಡು ಸ್ಟೇಷನ್‌ಗಳ ನಡುವೆ ಏನಾಯಿತೆಂದು ಹೇಳದು. 2012ರಲ್ಲಿ ರೈಲ್ ರಾಡಾರ್ ಎಂಬ ಹೆಸರಿನಲ್ಲಿ ದೇಶದ ಸಾವಿರಾರು ಗಾಡಿಗಳನ್ನು ಒಂದೇ ನಕ್ಷೆಯ ಮೇಲೆ ಕಾಣಿಸಿದ್ದರು. ಹೊತ್ತಿಗೆ ಸರಿಯಾಗಿ ಓಡುವವು ನೀಲಿ, ತಡವಾದವು ಕೆಂಪು. ದೇಶದ ನರನಾಡಿಗಳನ್ನೇ ಕಂಡಷ್ಟು ಜನ ಸಂತೋಷಪಟ್ಟರು. ಆದರೆ ಅದು ಆ ರೂಪದಲ್ಲಿ ಬಹುಕಾಲ ಉಳಿಯಲಿಲ್ಲ.

ಮೂರನೆಯದು ಆಕಾಶದ ಸಾಕ್ಷಿ. ಇಸ್ರೋ ಸಹಯೋಗದಿಂದ ರೈಲ್ವೆ ತನ್ನ ಇಂಜಿನ್‌ಗಳಲ್ಲಿ ಅಳವಡಿಸುತ್ತಿರುವ ಉಪಕರಣ ಉಪಗ್ರಹಗಳ ನೆರವಿನಿಂದ ತಾನಿರುವ ಜಾಗವನ್ನು ಗುರುತಿಸಿ 30 ಸೆಕೆಂಡಿಗೊಮ್ಮೆ ತಿಳಿಸಬಲ್ಲದು. ದೂರದ ಗಾಡಿಗಳ ಸುದ್ದಿ ಹಿಂದಿಗಿಂತ ನಿಖರವಾಗಿರುವುದಕ್ಕೆ ಇದು ಕಾರಣ. ಲೋಕಲ್‌ಗಳಲ್ಲೂ ಇಂಥ ಉಪಕರಣ ಇಟ್ಟು 2022ರಲ್ಲಿ ಮಧ್ಯ ರೈಲ್ವೆ 'ಯಾತ್ರಿ' ಆ್ಯಪ್‌ನಲ್ಲಿ ಅವುಗಳ ನೇರ ಸ್ಥಾನ ತೋರಿಸತೊಡಗಿತು. ಇದರ ಮಾತಿಗೆ ತೂಕ ಹೆಚ್ಚು. ಆದರೂ ಉಪಕರಣ ಇಲ್ಲದ ಗಾಡಿ, ಸುರಂಗ, ಸಂಪರ್ಕ ಸಿಗದ ಜಾಗ, ಇವೆಲ್ಲ ಇದ್ದೇ ಇವೆ.

ನಾಲ್ಕನೆಯದು ನಾವೇ. ಹೌದು, ಗಾಡಿಯಲ್ಲಿ ಕುಳಿತ ಪ್ರಯಾಣಿಕರೇ. ಮುಂಬಯಿಯ ಸಚಿನ್ ಟೇಕೆ ಅವರು ರೂಪಿಸಿದ ಎಂ-ಇಂಡಿಕೇಟರ್ ನಿಮ್ಮೆಲ್ಲರ ಮೊಬೈಲಿನಲ್ಲೂ ಇರಬಹುದು. ಮೊದಲಿಗೆ ಅದು ಕಿಸೆಯೊಳಗಿನ ವೇಳಾಪಟ್ಟಿ. ಆಮೇಲೆ ಒಂದೇ ದಾರಿಯ ಪ್ರಯಾಣಿಕರು ತಾವು ಎಲ್ಲಿದ್ದೇವೆ, ಗಾಡಿ ಎಷ್ಟು ತಡ ಎಂದು ಒಬ್ಬರಿಗೊಬ್ಬರು ತಿಳಿಸುವ ಜಗಲಿಯೂ ಆಯಿತು. ಬೆಂಗಳೂರಿನ ಸಿಗ್ಮಾಯ್ಡ್ ಲ್ಯಾಬ್ಸ್ ಸಂಸ್ಥೆಯ 'ವೇರ್ ಈಸ್ ಮೈ ಟ್ರೇನ್' ಇನ್ನೊಂದು ಜಾಣ ದಾರಿ ಹಿಡಿಯಿತು. ಗಾಡಿಯಲ್ಲಿರುವ ಮೊಬೈಲ್ ಯಾವ ಯಾವ ಮೊಬೈಲ್ ಗೋಪುರಗಳನ್ನು ದಾಟುತ್ತಿದೆ ಎಂಬುದರಿಂದಲೇ, ಅಂತರಜಾಲವಿಲ್ಲದೆಯೂ, ಜಾಗ ಗುರುತಿಸುವುದು. 2018ರ ಡಿಸೆಂಬರಿನಲ್ಲಿ ಗೂಗಲ್ ಆ ಸಂಸ್ಥೆಯನ್ನು ಕೊಂಡುಕೊಂಡಿತು. ಆ ಆ್ಯಪ್ ಕನ್ನಡದಲ್ಲೂ ಇದೆ ಎಂಬುದನ್ನು ನಿಮ್ಮ ಮನೆಯ ಹಿರಿಯರಿಗೆ ತಪ್ಪದೆ ತಿಳಿಸಿ. ಈ ನಾಲ್ಕನೆಯ ಚುಕ್ಕಿ ಗಾಡಿಯೊಳಗಿನಿಂದಲೇ ಬಂದದ್ದು ನಿಜ. ಆದರೆ ಒಬ್ಬ ಪ್ರಯಾಣಿಕ ಹಿಂದಿನ ಗಾಡಿಯಲ್ಲಿ ಕುಳಿತು ಮುಂದಿನ ಗಾಡಿಯ ಹೆಸರು ಒತ್ತಿದರೆ ಚುಕ್ಕಿಯೂ ತಪ್ಪುತ್ತದೆ.

ಹಾಗಾದರೆ ನೋಡುವವರು ಕೇಳಬೇಕಾದ ಪ್ರಶ್ನೆ "ಚುಕ್ಕಿ ಎಲ್ಲಿದೆ?" ಎಂದಲ್ಲ. "ಈ ಚುಕ್ಕಿಯನ್ನು ಕಂಡವರು ಯಾರು, ಎಷ್ಟು ಹೊತ್ತಿನ ಹಿಂದೆ?" ಎಂದು. ಒಳ್ಳೆಯ ಆ್ಯಪ್‌ಗಳು ಎಷ್ಟು ನಿಮಿಷದ ಹಿಂದಿನ ಸುದ್ದಿ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತವೆ. ಆ ಸಣ್ಣ ಅಕ್ಷರವನ್ನು ಮೊದಲು ಓದುವ ಅಭ್ಯಾಸ ಮಾಡಿಕೊಳ್ಳಿ.

ಬ್ರಿಟನ್ನಿನ ಉದಾಹರಣೆ

ಸಿಗ್ನಲ್‌ಗಳ ಸುದ್ದಿಯನ್ನೇ ಸಾರ್ವಜನಿಕರಿಗೆ ಕೊಟ್ಟರೆ ಏನಾಗುತ್ತದೆ? ಅದಕ್ಕೆ ಬ್ರಿಟನ್ ಉದಾಹರಣೆ. ಅಲ್ಲಿನ ಹಳಿಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್ ರೈಲ್ 2012ರಿಂದ ತನ್ನ ಮಾಹಿತಿಯ ಹರಿವನ್ನು ಯಾರು ಬೇಕಾದರೂ ಬಳಸುವಂತೆ ತೆರೆದಿಟ್ಟಿತು. ಯಾವ ಸಿಗ್ನಲ್‌ನ ಬಳಿಯಿಂದ ಯಾವ ಸಿಗ್ನಲ್‌ನ ಬಳಿಗೆ ಯಾವ ಸಂಖ್ಯೆಯ ಗಾಡಿ ದಾಟಿತು ಎಂಬ ಸುದ್ದಿ ಅದರಲ್ಲಿ ಬರುತ್ತದೆ. ಆದರೆ ಬರುವುದು ಬರಿಯ ಸಂಕೇತಗಳು, ಚಿತ್ರ ಬರುವುದಿಲ್ಲ. ಚಿತ್ರ ಬರೆದವರು ಉತ್ಸಾಹಿಗಳು. ಓಪನ್ ಟ್ರೇನ್ ಟೈಮ್ಸ್, ಟ್ರಾಕ್ಸಿ ಮುಂತಾದ ತಾಣಗಳಲ್ಲಿ ಹಳಿ, ಕವಲು, ಸಿಗ್ನಲ್, ಪ್ಲಾಟ್‌ಫಾರಂ ಎಲ್ಲವನ್ನೂ ಗೆರೆಗೆರೆಯಾಗಿ ಬರೆದಿದ್ದಾರೆ. ಸಿಗ್ನಲ್‌ಮನ್ ಪರದೆಯಲ್ಲಿ ಕಾಣುವುದನ್ನು ಹೋಲುವ ಚಿತ್ರ ಮನೆಯಲ್ಲಿ ಕುಳಿತವರಿಗೂ ಕಾಣುತ್ತದೆ.

ಇಲ್ಲಿ ನಾವು ಗಮನಿಸಬೇಕಾದದ್ದು ಬರೆದದ್ದನ್ನಲ್ಲ, ಉಳಿಸಿಕೊಂಡದ್ದನ್ನು. ಹಳೆಯ ಸಿಗ್ನಲ್ ಕ್ಯಾಬಿನ್ ಮುಚ್ಚಿ ಕೆಲಸ ಹೊಸ ಕೇಂದ್ರಕ್ಕೆ ಹೋದರೆ ಎಲ್ಲ ಸಂಕೇತಗಳೂ ಒಂದೇ ರಾತ್ರಿಯಲ್ಲಿ ಬದಲಾಗುತ್ತವೆ. ಒಂದು ಕವಲನ್ನು ಕಿತ್ತುಹಾಕಿದರೆ ಚಿತ್ರದಲ್ಲೂ ಕೀಳಬೇಕು. ಯಾವುದೋ ಸಂಕೇತದ ಜಾಗ ತಪ್ಪಿದರೆ ಗಾಡಿ ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಮೂಡುತ್ತದೆ. ಅದನ್ನು ಯಾರಾದರೂ ಕಂಡು ತಿಳಿಸಬೇಕು, ಇನ್ನಾರಾದರೂ ತಿದ್ದಬೇಕು. ನಮ್ಮಲ್ಲಿ ದೀಪ ಹಚ್ಚುವವರಿಗೆ ವೇದಿಕೆ ಸಿಗುತ್ತದೆ, ಎಣ್ಣೆ ಹಾಕುವವರು ತೆರೆಮರೆಯಲ್ಲಿರುತ್ತಾರೆ. ಇಂಥ ನಕ್ಷೆಗಳು ನಡೆಯುತ್ತಿರುವುದು ಎಣ್ಣೆ ಹಾಕುವವರಿಂದ.

ನಮ್ಮಲ್ಲೂ ಹೀಗೆ ತೆರೆದಿಡಬೇಕೇ ಎಂಬ ಪ್ರಶ್ನೆಗೆ ಎರಡು ಬದಿ ಇದೆ. ಭದ್ರತೆಯ ಚಿಂತೆ ಸುಳ್ಳಲ್ಲ. ಹಾಗೆಯೇ, ನಿಜವಾದ ಸುದ್ದಿ ಸಿಗದಾಗ ಜನ ಊಹೆಯ ಸುದ್ದಿಯನ್ನು ನಂಬಿಕೊಳ್ಳುತ್ತಾರೆ ಎಂಬುದೂ ಸುಳ್ಳಲ್ಲ. ಪ್ರಯಾಣಿಕರಿಗೆ ಸಿಗ್ನಲ್‌ನ ಬಣ್ಣ ಬೇಕಿಲ್ಲ. ಗಾಡಿ ಹೊರಟಿದೆಯೇ, ಎಲ್ಲಿ ನಿಂತಿದೆ, ಯಾವ ಪ್ಲಾಟ್‌ಫಾರಂ, ಇಷ್ಟು ಸಾಕು. ಇಷ್ಟನ್ನು ನಿಖರವಾಗಿ ಕೊಡುವುದರಿಂದ ಯಾರಿಗೂ ಕೇಡಿಲ್ಲ ಎಂಬುದು ನನ್ನ ಅಭಿಪ್ರಾಯ. ನಿಮ್ಮದು ಬೇರೆಯಾದರೆ ಬರೆದು ತಿಳಿಸಿ.

ನೆಲವೇ ಬದಲಾಗುವ ಊರು

ಮುಂಬಯಿಯ ಈ ಭಾಗದ ನಕ್ಷೆ ಎಷ್ಟು ಬೇಗ ಹಳತಾಗುತ್ತದೆ ನೋಡಿ. ಥಾಣೆಯಿಂದ ವಾಶಿಗೆ ಲೋಕಲ್ ಓಡತೊಡಗಿದ್ದು 2004ರಲ್ಲಿ. ನೇರೂಳ ಬೇಲಾಪುರಗಳಿಂದ ಖಾರ್‌ಕೋಪರ್‌ವರೆಗೆ 2018ರಲ್ಲಿ ಗಾಡಿ ಬಂತು. ಅದೇ ದಾರಿ ಉರಣ್ ಮುಟ್ಟಿದ್ದು 2024ರ ಜನವರಿಯಲ್ಲಿ. ಅದೇ ದಿನ ಥಾಣೆ ಮತ್ತು ಐರೋಲಿಯ ನಡುವೆ ದಿಘಾ ಗಾಂವ್ ಎಂಬ ಹೊಸ ಸ್ಟೇಷನ್ ತೆರೆಯಿತು. ವಿ.ಟಿ. ಎಂದು ನಿಮ್ಮ ತಂದೆ ಇಂದಿಗೂ ಕರೆಯುವ ಸ್ಟೇಷನ್ 1996ರಲ್ಲಿ ಸಿ.ಎಸ್.ಟಿ. ಆಯಿತು, 2017ರಲ್ಲಿ ಹೆಸರಿನ ನಡುವೆ 'ಮಹಾರಾಜ' ಸೇರಿತು.

ಇವು ಕಣ್ಣಿಗೆ ಕಾಣುವ ಬದಲಾವಣೆಗಳು. ಕಾಣದವೂ ಇವೆ. ಥಾಣೆ ಮತ್ತು ದಿವಾ ನಡುವೆ 5 ಮತ್ತು 6ನೆಯ ಹಳಿ ಸೇರಿಸಲು 2022ರ ಫೆಬ್ರವರಿಯಲ್ಲಿ 72 ಗಂಟೆಗಳ ಬ್ಲಾಕ್ ಮಾಡಿದ್ದು ನಿಮಗೆ ನೆನಪಿರಬಹುದು. ಅದುವರೆಗೆ ಫಾಸ್ಟ್ ಲೋಕಲ್‌ಗಳು ಹೋಗುತ್ತಿದ್ದುದು 1916ರಲ್ಲಿ ತೆರೆದ, 1.3 ಕಿಲೋಮೀಟರ್ ಉದ್ದದ ಪಾರ್ಸಿಕ್ ಸುರಂಗದ ಮೂಲಕ. ಹೊಸ ಹಳಿಗಳು ಬಂದ ಮೇಲೆ ಫಾಸ್ಟ್ ಲೋಕಲ್‌ಗಳು ಕಳವಾ ಮುಂಬ್ರಾ ಕಡೆಗೆ ತಿರುಗಿದವು. ಸುರಂಗದ ದಾರಿ ದೂರದ ಮೇಲ್ ಎಕ್ಸ್‌ಪ್ರೆಸ್ ಗಾಡಿಗಳಿಗಾಯಿತು. ಒಂದು ತಲೆಮಾರಿನವರು ಕತ್ತಲು ಕವಿದ ಕೂಡಲೆ "ಥಾಣೆ ಬಂತು" ಎಂದು ಎದ್ದು ನಿಲ್ಲುತ್ತಿದ್ದರು. ಆ ಗುರುತು ಈಗ ಲೋಕಲ್‌ನಲ್ಲಿ ಇಲ್ಲ. ಹಳೆಯ ನಕ್ಷೆಯಲ್ಲಿ ಫಾಸ್ಟ್ ಲೋಕಲ್‌ನ ಚುಕ್ಕಿ ಗುಡ್ಡದೊಳಗೆ ಹೊಕ್ಕರೆ ಆ ನಕ್ಷೆಯನ್ನು 2022ರ ಬಳಿಕ ಯಾರೂ ಮುಟ್ಟಿಲ್ಲ ಎಂದು ತಿಳಿಯಿರಿ. 2024ರ ಮೇ ಕೊನೆಯಲ್ಲಿ ಥಾಣೆಯ 5-6ನೆಯ ಪ್ಲಾಟ್‌ಫಾರಂ ಅಗಲ ಮಾಡಲು 63 ಗಂಟೆಗಳ ಬ್ಲಾಕ್ ತೆಗೆದುಕೊಂಡು ಹಳಿಯನ್ನೇ ಪಕ್ಕಕ್ಕೆ ಸರಿಸಿದರು. ಇದರ ಮೇಲೆ ಪ್ರತಿ ಭಾನುವಾರದ ಮೆಗಾ ಬ್ಲಾಕ್ ಬೇರೆ. ಆ ದಿನ ಫಾಸ್ಟ್ ಗಾಡಿ ಸ್ಲೋ ಹಳಿಗೆ ಬರುತ್ತದೆ, ಕೆಲವು ಗಾಡಿಗಳು ಇರುವುದೇ ಇಲ್ಲ. ವೇಳಾಪಟ್ಟಿಯ ಚುಕ್ಕಿಗೆ ಮಾತ್ರ ಭಾನುವಾರವೂ ಸೋಮವಾರವೂ ಒಂದೇ.

ಊರಿನ ದಾರಿ

ಲೋಕಲ್ ತಪ್ಪಿದರೆ ಇನ್ನೊಂದು ಬರುತ್ತದೆ. ಊರಿನ ಗಾಡಿಯ ವಿಷಯ ಹಾಗಲ್ಲ. ವಯಸ್ಸಾದ ಅಜ್ಜ ಅಜ್ಜಿ ಮತ್ಸ್ಯಗಂಧದಲ್ಲಿ ಬರುತ್ತಿರುವಾಗ, ಥಾಣೆಯಲ್ಲೋ ಪನ್ವೇಲ್‌ನಲ್ಲೋ ಅವರನ್ನು ಇಳಿಸಿಕೊಳ್ಳಲು ಹೋಗುವವರಿಗೆ ಚುಕ್ಕಿಯ ಬೆಲೆ ಗೊತ್ತು. ನಮ್ಮ ಕರಾವಳಿಗೆ ಕೊಂಕಣ ರೈಲ್ವೆ 1998ರ ಜನವರಿ 26ರಂದು ಪೂರ್ತಿಯಾಗಿ ತೆರೆಯಿತು. ರೋಹಾದಿಂದ ತೋಕೂರಿನವರೆಗೆ 741 ಕಿಲೋಮೀಟರ್. ಅದರ ಮುಖ್ಯ ಕಚೇರಿ ಇರುವುದು ನಮ್ಮ ನವಿಮುಂಬಯಿಯ ಬೇಲಾಪುರದಲ್ಲಿಯೇ.

ಮಂಗಳೂರಿನಿಂದ ಹೊರಟ ಗಾಡಿ ತೋಕೂರಿನವರೆಗೆ ದಕ್ಷಿಣ ರೈಲ್ವೆಯದು, ಅಲ್ಲಿಂದ ರೋಹಾವರೆಗೆ ಕೊಂಕಣ ರೈಲ್ವೆಯದು, ಆಮೇಲೆ ಪನ್ವೇಲ್, ದಿವಾ, ಥಾಣೆ ಮಧ್ಯ ರೈಲ್ವೆಯದು. ಒಂದೇ ಗಾಡಿ, ಮೂರು ಆಡಳಿತ. ಗಡಿಯಲ್ಲಿ ಸುದ್ದಿ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಬೇಕು. ಕೊಂಕಣ ರೈಲ್ವೆಯ ಬಹುಭಾಗ ಇಂದಿಗೂ ಒಂಟಿ ಹಳಿ. ಎದುರಿನಿಂದ ಬರುವ ಗಾಡಿಗೆ ದಾರಿ ಬಿಡಲು ನಮ್ಮ ಗಾಡಿ ಇನ್ನಂಜೆಯಲ್ಲೋ ಸೇನಾಪುರದಲ್ಲೋ ನಿಲ್ಲಬೇಕಾಗಬಹುದು. ಚುಕ್ಕಿ ಅರ್ಧ ಗಂಟೆ ಅಲುಗದಿದ್ದರೆ ಕೇಡು ಎಣಿಸಬೇಕಾಗಿಲ್ಲ. ಹೆಚ್ಚಿನ ಸಲ ಅದು ಕ್ರಾಸಿಂಗ್. ಮಳೆಗಾಲಕ್ಕೆ ಕೊಂಕಣ ರೈಲ್ವೆ ವೇಗ ಇಳಿಸಿ ಬೇರೆಯೇ ವೇಳಾಪಟ್ಟಿ ಜಾರಿಗೆ ತರುತ್ತದೆ. ಜೂನ್‌ನಲ್ಲಿ ಆರಂಭವಾಗಿ ಅಕ್ಟೋಬರ್‌ವರೆಗೆ ಅದೇ. ಅದನ್ನು ತಿದ್ದಿಕೊಳ್ಳದ ನಕ್ಷೆ ನಾಲ್ಕು ತಿಂಗಳು ದಿನವೂ ಸುಳ್ಳು ಹೇಳುತ್ತದೆ.

2024ರ ಜುಲೈಯಲ್ಲಿ ಗೋವೆಯ ಪೆರ್ನೆಮ್ ಸುರಂಗದಲ್ಲಿ ನೀರು ಉಕ್ಕಿ ಕೊಂಕಣ ದಾರಿ ನಿಂತಿತು. ಕೆಲವು ಗಾಡಿಗಳು ರದ್ದಾದವು, ಕೆಲವು ಬೇರೆ ದಾರಿಯಲ್ಲಿ ಸುತ್ತಿ ಬಂದವು. ಇಂಥ ಹೊತ್ತಿನಲ್ಲಿ ವೇಳಾಪಟ್ಟಿಯ ಚುಕ್ಕಿ ಮುಚ್ಚಿದ ಸುರಂಗವನ್ನೂ ಸಲೀಸಾಗಿ ದಾಟುತ್ತದೆ! 2019ರ ಜುಲೈ 27ರಂದು ಕೊಲ್ಹಾಪುರಕ್ಕೆ ಹೊರಟ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದಲಾಪುರ ಮತ್ತು ವಾಂಗಣಿ ನಡುವೆ ಉಲ್ಹಾಸ ನದಿಯ ನೆರೆಯಲ್ಲಿ ಸಿಲುಕಿತು. ಸುಮಾರು 1,050 ಮಂದಿಯನ್ನು ದೋಣಿ ಮುಂತಾದವುಗಳಿಂದ ಪಾರುಮಾಡಿದರು. ಅಂದು ಮನೆಯಲ್ಲಿದ್ದವರಿಗೆ ಬೇಕಾಗಿದ್ದುದು ಗಾಡಿ ನಿಂತಿದೆ ಎಂಬ ಸುದ್ದಿಯಷ್ಟೇ ಅಲ್ಲ, ನಿಂತಲ್ಲಿ ಏನಾಗುತ್ತಿದೆ ಎಂಬುದು. ಅದನ್ನು ಚುಕ್ಕಿ ಹೇಳಲಾರದು. ಅಂಥ ವೇಳೆಯಲ್ಲಿ ರೈಲ್ವೆಯ ಅಧಿಕೃತ ಪ್ರಕಟಣೆಯನ್ನೂ 139ನ್ನೂ ಮೊದಲು ನೋಡಿ, ಆಮೇಲೆ ನಕ್ಷೆ.

ಚುಕ್ಕಿಗಾಗಿ ಓಡಬೇಡಿ

ಚುಕ್ಕಿ ಗಾಡಿಯ ಜಾಗ ಹೇಳುತ್ತದೆ, ಗಾಡಿಯೊಳಗಿನ ಜಾಗ ಹೇಳುವುದಿಲ್ಲ. 2025ರ ಜೂನ್ 9ರ ಬೆಳಿಗ್ಗೆ ದಿವಾ ಮತ್ತು ಮುಂಬ್ರಾ ನಡುವಿನ ತಿರುವಿನಲ್ಲಿ, ಕಿಕ್ಕಿರಿದ ಎರಡು ಲೋಕಲ್‌ಗಳು ಎದುರುಬದುರಾಗಿ ದಾಟುವಾಗ, ಬಾಗಿಲಲ್ಲಿ ನೇತಾಡುತ್ತಿದ್ದ ಪ್ರಯಾಣಿಕರು ಹಳಿಗೆ ಬಿದ್ದರು. ನಾಲ್ವರು ಅಂದೇ ಜೀವ ಕಳೆದುಕೊಂಡರು. ಅದು ನಮ್ಮದೇ ದಾರಿ, ನಮ್ಮದೇ ಹೊತ್ತು. "ಇನ್ನು ಎರಡು ನಿಮಿಷ" ಎಂದು ಪರದೆ ತೋರಿಸಿದ ಕೂಡಲೆ ಸೇತುವೆ ಬಿಟ್ಟು ಹಳಿ ದಾಟುವುದು, ಹೊರಟ ಗಾಡಿಗೆ ಹಾರುವುದು ಬೇಡ. ನಿಜವಾಗಿ ಚುಕ್ಕಿಯ ಪ್ರಯೋಜನ ಇರುವುದು ಓಡುವುದಕ್ಕಲ್ಲ, ಓಡದೆ ಇರುವುದಕ್ಕೆ. ಹಿಂದೆಯೇ ಇನ್ನೊಂದು ಗಾಡಿ ಕಲ್ಯಾಣ ಬಿಟ್ಟಿದೆ ಎಂದು ಕಂಡವರು ತುಂಬಿದ ಗಾಡಿಯನ್ನು ಹೋಗಗೊಡಬಹುದು.

ನೀವೇನು ಮಾಡಬಹುದು

ಸಿಗ್ನಲ್‌ಗಳ ನೇರ ಮಾಹಿತಿ ನಮ್ಮ ಕೈಯಲ್ಲಿಲ್ಲ. ಆದರೆ ಚುಕ್ಕಿ ಓಡುವ ಗೆರೆ ನಮ್ಮ ಕೈಯಲ್ಲಿದೆ. 2004ರಲ್ಲಿ ಬ್ರಿಟನ್ನಿನ ಸ್ಟೀವ್ ಕೋಸ್ಟ್ ಆರಂಭಿಸಿದ ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ಲೋಕನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು. ಅದೇ ಮಾಹಿತಿಯಿಂದ ಓಪನ್ ರೈಲ್ವೆ ಮ್ಯಾಪ್ ಎಂಬ ರೈಲುನಕ್ಷೆಯೂ ಸಿದ್ಧವಾಗುತ್ತದೆ. ಅನೇಕ ತಾಣಗಳು ತಮ್ಮ ನಕ್ಷೆಗೆ ಇದನ್ನೇ ತಳಹದಿಯಾಗಿ ಬಳಸುತ್ತವೆ. ಹೊಸ ಪಾದಚಾರಿ ಸೇತುವೆ, ಮುಚ್ಚಿದ ದ್ವಾರ, ಬದಲಾದ ಪ್ಲಾಟ್‌ಫಾರಂ ಸಂಖ್ಯೆ, ಲಿಫ್ಟ್ ಇರುವ ಜಾಗ, ಇವನ್ನೆಲ್ಲ ದಿನವೂ ಕಾಣುವವರು ನೀವು. ಸಾರ್ವಜನಿಕರಿಗೆ ಅನುಮತಿ ಇರುವ ಜಾಗದಲ್ಲಿ ನಿಂತು ಕಂಡದ್ದನ್ನು ಮಾತ್ರ ಬರೆಯಿರಿ. ಹಳಿಗೆ ಇಳಿಯುವುದು ರೈಲ್ವೆ ಕಾಯಿದೆಯ 147ನೆಯ ಕಲಮಿನಂತೆ ಅಪರಾಧ. ಅದಕ್ಕಿಂತ ಹೆಚ್ಚಾಗಿ ಅಪಾಯ.

ಇನ್ನೊಂದು ಕೆಲಸ ನಿಮಗೇ ಮೀಸಲು. ಆ ನಕ್ಷೆಯಲ್ಲಿ ಪ್ರತಿ ಜಾಗಕ್ಕೂ ಭಾಷೆಗೊಂದು ಹೆಸರು ಸೇರಿಸಬಹುದು. ಕನ್ನಡಕ್ಕೂ ಅದರದೇ ಮನೆ ಇದೆ. ಇಂಗ್ಲಿಷಿನಲ್ಲಿ ಬರೆದ ಹೆಸರು ನೋಡಿ ಕನ್ನಡಕ್ಕಿಳಿಸಿದರೆ ಕಲ್ವಾ, ನೇರುಲ್, ರಬಾಲೆ ಎಂದಾಗುತ್ತದೆ. ಮರಾಠಿಯಲ್ಲಿ ಅವು ಕಳವಾ, ನೇರೂಳ, ರಬಾಳೆ. ಮರಾಠಿಗೂ ಕನ್ನಡಕ್ಕೂ ಸಮಾನವಾದ ಈ 'ಳ' ಇಂಗ್ಲಿಷಿನಲ್ಲಿ ಕಳೆದುಹೋಗುತ್ತದೆ. ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ ಅಥವಾ ತುಳು ಕೇಳಿ ಬೆಳೆದ ನಿಮ್ಮ ಕಿವಿಗೆ ಅದು ಸುಲಭವಾಗಿ ಸಿಕ್ಕುತ್ತದೆ. ಊರಿನಲ್ಲಿ ಕುಳಿತವರಿಗೆ ಇದು ಗೊತ್ತಾಗದು. 'ಥಾಣೆ'ಯಂಥ ಹೆಸರಿನ ಮುಂದೆ ಮಾತ್ರ ನಿಂತು ಯೋಚಿಸಬೇಕು. ಮರಾಠಿಯಲ್ಲಿ ಅದು 'ಠಾಣೆ'; ನಮ್ಮ ಕನ್ನಡ ಪತ್ರಿಕೆಗಳು ಬಹುಕಾಲದಿಂದ ಬರೆಯುತ್ತಿರುವುದು 'ಥಾಣೆ'. ಯಾವುದನ್ನು ಇಡಬೇಕು? ಹಿರಿಯರನ್ನು ಕೇಳಿ, ನಿಮ್ಮೊಳಗೆ ಚರ್ಚಿಸಿ, ಒಂದನ್ನು ನಿರ್ಧರಿಸಿ. ನಿರ್ಧರಿಸಿದ ಮೇಲೆ ಅದನ್ನು ಕಾಪಾಡಿ.

ಇದಕ್ಕೆ ದೊಡ್ಡ ಸಮಿತಿ ಬೇಕಿಲ್ಲ. ಒಬ್ಬೊಬ್ಬರು ತಮ್ಮ ಮನೆಯ ಹತ್ತಿರದ ಒಂದು ಸ್ಟೇಷನ್ ವಹಿಸಿಕೊಂಡರೆ ಸಾಕು. ಠಾಕುರ್ಲಿಗೆ ಒಬ್ಬರು, ಕೋಪರ್‌ಗೆ ಒಬ್ಬರು, ಘಣಸೋಲಿಗೆ ಒಬ್ಬರು. ತಿಂಗಳಿಗೊಮ್ಮೆ ನೋಡುವುದು, ಬದಲಾದದ್ದನ್ನು ತಿದ್ದುವುದು, ನೋಡಿದ ತಾರೀಖು ಬರೆದಿಡುವುದು. ತಾರೀಖು ಮುಖ್ಯ, ಅದಿಲ್ಲದ ಮಾಹಿತಿಯನ್ನು ಎಷ್ಟು ನಂಬಬೇಕೆಂದು ಮುಂದಿನವರಿಗೆ ತಿಳಿಯದು.

ಈ ಪತ್ರಿಕೆಯ ಮುಂದಿನ ಸಂಚಿಕೆಗೆ ಕಸಾರದಿಂದ ಥಾಣೆಯವರೆಗೆ, ಥಾಣೆಯಿಂದ ಪನ್ವೇಲ್ ಮತ್ತು ಉರಣ್‌ವರೆಗೆ ಎಲ್ಲ ಸ್ಟೇಷನ್‌ಗಳ ಹೆಸರನ್ನು ಸರಿಯಾದ ಕನ್ನಡ ಕಾಗುಣಿತದಲ್ಲಿ ಪ್ರಕಟಿಸುವ ಆಸೆ ಇದೆ. ನಿಮ್ಮ ಸ್ಟೇಷನ್ನಿನ ಹೆಸರನ್ನು, ಅಲ್ಲಿನ ಮರಾಠಿ ಫಲಕವನ್ನು ನೋಡಿ, ಸ್ವಂತ ಕೈಯಿಂದ ಕನ್ನಡದಲ್ಲಿ ಬರೆದು ಸಂಘದ ಕಚೇರಿಗೆ ತಲುಪಿಸಿ. ಕನ್ನಡ ಬರೆಯಲು ಕೈ ತಡವರಿಸಿದರೆ ಸಂಕೋಚ ಬೇಡ. ಒಂದೇ ಒಂದು ಪದ ತಾನೇ! ಮನೆಯ ಹಿರಿಯರಿಗೆ ತೋರಿಸಿ, ತಿದ್ದಿಸಿಕೊಂಡು ಕಳುಹಿಸಿ.